ಐದು ಮಿನಿಟಿನ ಗುರೂಜಿ

ಉಮರ್ಗಾ, ನಿಲಂಗಾ, ಉದಗೀರ, ಯಾವ ಊರಿಗೆ ಹೋದರೂ ಓಣಿಗೊಬ್ಬ ನಿವೃತ್ತ ಗುರೂಜಿ ಸಿಗುತ್ತಾರೆ. ಜಿಲ್ಲಾ ಪರಿಷತ್ ಶಾಲೆಯಲ್ಲಿ ಮರಾಠಿಯಲ್ಲಿ ಪಾಠ ಹೇಳಿ, ಮನೆಯಲ್ಲಿ ಕನ್ನಡದಲ್ಲಿ ಬೈದು, ನಿವೃತ್ತಿಯ ವರ್ಷ ಫಂಡಿನ ದುಡ್ಡಿನಲ್ಲಿ ಒಂದು ಬಿಳಿ ಕಾರು ತಂದವರು. ತಂದದ್ದು ಓಡಿಸಲಿಕ್ಕಲ್ಲ, ಕಾಯಲಿಕ್ಕೆ. ಉದಗೀರ, ನಿಲಂಗಾ ಎರಡೂ 1956ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು. ಹೀಗಾಗಿ ಬೀಗರೆಲ್ಲ ಈಗಲೂ ಭಾಲ್ಕಿ, ಬಸವಕಲ್ಯಾಣ, ಆಳಂದದ ಕಡೆಯವರೇ. ಆದರೆ ಅವರ ಮನೆಗೆ ಹೋಗುವುದು ಕೆಂಪು ಬಸ್ಸಿನಲ್ಲಿ. “ಗಾಡಿ ಯಾಕ ಸುಮ್ನ ಸವಸಬೇಕು?” ಇದು ಗುರೂಜಿಯ ಅರ್ಥಶಾಸ್ತ್ರ.

ಬೆಳಗ್ಗೆ ಲಿಂಗಪೂಜೆ ಮುಗಿದರೆ ಗಾಡಿಪೂಜೆ. ಹೊದಿಕೆ ತೆಗೆದು, ನಾಲ್ಕು ಮಡಿಕೆ ಮಾಡಿಟ್ಟು, ಕೀಲಿ ತಿರುವಿ ಇಂಜಿನ್ ಚಾಲೂ ಮಾಡುತ್ತಾರೆ. ಸರಿಯಾಗಿ ಐದು ಮಿನಿಟು. “ಬ್ಯಾಟರಿ ಚಾರ್ಜ್ ಆಗ್ತದ” ಎಂದು ಓಣಿಗೆಲ್ಲ ಕೇಳುವಂತೆ ಸಾರುತ್ತಾರೆ. ಆ ಐದು ಮಿನಿಟಿನಲ್ಲೇ ತಪಾಸಣೆಯೂ ಆಗಬೇಕು. ಮೊಮ್ಮಗ ಬಾನೆಟ್ ಮುಂದೆ ನಿಲ್ಲುತ್ತಾನೆ.

“ದೊಡ್ಡ ಲೈಟ್?”

“ಹತ್ಯದ ಅಜ್ಜಾ!”

“ವೈಪರ್?”

“ತಿರಗ್ಲಾಕತ್ತದ!”

ಆಮೇಲೆ ಹಾರ್ನು, ಏಸಿ, ಕೊನೆಗೆ ರೇಡಿಯೊದಲ್ಲಿ ವಾರ್ತೆ. ನಿಂತಲ್ಲೇ ಮೆಲ್ಲಗೆ ತಿರುಗುವ ಇಂಜಿನ್ನಿನಿಂದ ಬರುವ ಕರೆಂಟೇ ಸ್ವಲ್ಪ. ಅದನ್ನೆಲ್ಲ ಲೈಟು, ಏಸಿ, ವಾರ್ತೆಗಳೇ ಹಂಚಿಕೊಳ್ಳುತ್ತವೆ. ಸ್ಟಾರ್ಟರ್ ಎಳೆದದ್ದು, ಗಡಿಯಾರ ಮತ್ತು ಅಲಾರಂ ರಾತ್ರಿಯಿಡೀ ಹೀರಿದ್ದು, ಎಲ್ಲವೂ ಬಾಕಿ ಲೆಕ್ಕದಲ್ಲೇ ಉಳಿಯುತ್ತದೆ.

ಹಾಗಂತ ಗುರೂಜಿ ಅಜ್ಞಾನಿಯಲ್ಲ. ಬ್ಯಾಟರಿಶಾಸ್ತ್ರ ಅವರಿಗೆ ಬಾಯಿಪಾಠ. ವಿಭೂತಿಗಟ್ಟಿಯ ಪಕ್ಕದಲ್ಲೇ ಮೀಟರು ಇರುತ್ತದೆ. ಇಂಜಿನ್ ಬಂದ್ ಇದ್ದಾಗ 12.6 ವೋಲ್ಟ್ ತೋರಿಸಿದರೆ ಪ್ರಥಮ ದರ್ಜೆ, 12.4 ಸಾಧಾರಣ, 12ಕ್ಕಿಳಿದರೆ ನಾಪಾಸು. ದಿನಾಲೂ ಹಳೆಯ ಹಾಜರಿ ಪುಸ್ತಕದಲ್ಲಿ ನಮೂದು. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಂಡರೆ ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ತಿಕ್ಕುತ್ತಾರೆ, ಒಣಗಿದ ಮೇಲೆ ವ್ಯಾಸಲೀನ್ ಸವರುತ್ತಾರೆ. ಎರಡೂ ಸರಿಯಾದ ಕ್ರಮವೇ. ಸೋಡಾ ಗುರೂಜಿಯ ಹೆಂಡತಿ ಕಾಕೂನ ಭಜಿ ಡಬ್ಬಿಯದು, ವ್ಯಾಸಲೀನ್ ಕಾಕೂನ ಒಡೆದ ಹಿಮ್ಮಡಿಯದು ಎನ್ನುವುದಷ್ಟೇ ತಕರಾರು.

ಡಿಸ್ಟಿಲ್ಡ್ ವಾಟರ್ ವಿಷಯದಲ್ಲಂತೂ ಅವರದು ಕಟ್ಟುನಿಟ್ಟು. ನಮ್ಮ ಬೋರಿನ ನೀರು ಉಪ್ಪುಪ್ಪು. ಹಾಕಿದರೆ ಒಳಗಿನ ಪ್ಲೇಟು ಕೆಡುತ್ತವೆ, ನಿಜ. 2016ರಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂದ ಬೇಸಿಗೆ ನೆನಪಿದೆಯಲ್ಲ? ಆಗಲೂ ಗುರೂಜಿಯ ಅಲಮಾರಿಯಲ್ಲಿ ಬ್ಯಾಟರಿಯ ನೀರಿನ ಎರಡು ಬಾಟಲಿ ಬೀಗದೊಳಗೆ ಇದ್ದವು. ಬ್ಯಾಟರಿ ಬಾಯಾರಬಾರದು.

ಇಷ್ಟೆಲ್ಲ ಮಾಡಿದರೂ ಬ್ಯಾಟರಿ ಸಾಯುತ್ತದೆ. ನಲವತ್ತು ಡಿಗ್ರಿ ದಾಟುವ ಮೇ ಬಿಸಿಲು ಒಳಗೊಳಗೇ ಮಾಡಿದ ಪಾಪ ಡಿಸೆಂಬರಿನ ಚಳಿಯಲ್ಲಿ ಬಯಲಾಗುತ್ತದೆ, ಅದೂ ಮೊಮ್ಮಗಳ ಲಗ್ನಕ್ಕೆ ಭಾಲ್ಕಿಗೆ ಹೊರಟ ದಿನ. ಕೀಲಿ ತಿರುವಿದರೆ ಕಟಕಟ ಸದ್ದು, ಅಷ್ಟೇ. ಓಣಿಯ ಹುಡುಗರು ಕರೆಯದೆಯೇ ಬರುತ್ತಾರೆ, ತಳ್ಳುವುದು ಅವರಿಗೆ ರೂಢಿ.

ಬ್ಯಾಟರಿ ಅಂಗಡಿಯ ಪೋರನೂ ಬರುತ್ತಾನೆ. ಅವನು ಪಾನಾ ಎತ್ತಿದ್ದೇ ತಡ, ಗುರೂಜಿ ಗುಡುಗುತ್ತಾರೆ: “ಮೊದಲ ಮೈನಸ್ ಬಿಚ್ಚೋ! ಪ್ಲಸ್ ಬಿಚ್ಚುವಾಗ ಪಾನಾ ಬಾಡಿಗಿ ತಾಗ್ತಂದ್ರ ಕಿಡಿ ಹಾರ್ತದ. ಹಾಕುವಾಗ ಮೊದಲ ಪ್ಲಸ್. ಬೀಡಿ ಆರ್ಸು, ಗ್ಯಾಸ್ ಇರ್ತದ.” ಪ್ರತಿ ಮಾತೂ ಸರಿ. ಪೋರ ತಲೆಯಾಡಿಸುತ್ತಾನೆ, ಅವನೂ ಗುರೂಜಿಯ ವಿದ್ಯಾರ್ಥಿಯೇ.

ತಂಟೆ ಹಳೆಯ ಬ್ಯಾಟರಿಯದು. ಅಂಗಡಿಯವರು ಅದನ್ನು ತಗೊಂಡು ಹೊಸದರ ಬೆಲೆಯಲ್ಲಿ ಕಡಿಮೆ ಮಾಡುತ್ತಾರೆ. ಸೀಸವನ್ನು ಕರಗಿಸಿ ಮತ್ತೆ ಬಳಸಲು ಹಾಗೆ ಮರಳಿಸಬೇಕಾದದ್ದೂ ಹೌದು. ಗುರೂಜಿ ಒಪ್ಪುವುದಿಲ್ಲ. “ಇನ್ನಾ ಜೀವ ಅದ, ಇನ್ವರ್ಟರ್‌ಗಿ ಜೋಡಸ್ತೀನಿ.” ಕಾರಿನ ಬ್ಯಾಟರಿ ಕ್ಷಣಕಾಲ ಜೋರು ತೋರಿಸುವ ಜಾತಿಯದು; ತಾಸುಗಟ್ಟಲೆ ಫ್ಯಾನು ತಿರುಗಿಸಲು ಅದಾಗದು. ಕಾಕೂ ಜರಿ ಸೀರೆಯಲ್ಲಿ ನಿಂತು ಕೇಳುತ್ತಾರೆ: “ಮುಹೂರ್ತಕ್ಕ ಹೋಗೂದದ ಏನ್ ಊಟಕ್ಕರೆ?” ಹಳೆಯ ಬ್ಯಾಟರಿ ಅಂಗಡಿಗೆ ಹೋಗುತ್ತದೆ. ಮನೆಯವರು ಕೆಂಪು ಬಸ್ಸಿಗೆ ಹೋಗುತ್ತಾರೆ. ಹೊಸ ಬ್ಯಾಟರಿಯ ಗ್ಯಾರಂಟಿ ಕಾರ್ಡಿಗೆ ತಾರೀಖು, ಸಿಕ್ಕಾ ಹಾಕಿಸಿಕೊಂಡು ಗುರೂಜಿ ಊಟದ ಹೊತ್ತಿಗೆ ಭಾಲ್ಕಿ ಮುಟ್ಟುತ್ತಾರೆ, ಅವರೂ ಬಸ್ಸಿನಲ್ಲೇ.

ನಿಮ್ಮ ಓಣಿಯಲ್ಲೂ ಇಂಥವರಿದ್ದರೆ ದಯವಿಟ್ಟು ಹೇಳಿ: ವಾರಕ್ಕೊಮ್ಮೆ ಅರ್ಧ ತಾಸು ಹೈದರಾಬಾದ್ ರಸ್ತೆಗೆ ಗಾಡಿ ಬಿಟ್ಟು ಬನ್ನಿ. ಅಷ್ಟಕ್ಕೂ ಮನಸ್ಸಿಲ್ಲದಿದ್ದರೆ ಮೈನಸ್ ತಂತಿಯನ್ನಾದರೂ ಬಿಚ್ಚಿಡಿ. ಹೆಚ್ಚಿನ ಗಾಡಿಗಳಿಗೆ ಹತ್ತರ ಪಾನಾ ಸಾಕು.