ಚಪ್ಪರಜ್ಞರು

ಸಂಗೀತದ ವಿಷಯದಲ್ಲಿ ಮನುಷ್ಯರು ಎರಡೇ ಬಗೆ, ಹಾಡುವವರು ಮತ್ತು ಕೇಳುವವರು ಎಂದು ತಿಳಿದಿರತಕ್ಕವರು, ಚೈತ್ರಮಾಸದಲ್ಲಿ ಬೆಂಗಳೂರಿನ ಚಾಮರಾಜಪೇಟೆಗೆ ಬಂದು, ಕೋಟೆ ಹೈಸ್ಕೂಲಿನ ಮೈದಾನದಲ್ಲಿ ರಾಮನವಮಿಯ ಸಂಗೀತೋತ್ಸವಕ್ಕೆಂದು ಎಬ್ಬಿಸಿದ ಚಪ್ಪರದ ಬಾಗಿಲಲ್ಲಿ ಒಂದು ಗಳಿಗೆ ನಿಂತರೆ, ಮೂರನೆಯ ಬಗೆಯವರೂ ಉಂಟೆಂಬುದು ಪ್ರತ್ಯಕ್ಷವಾಗುತ್ತದೆ. ಇವರು ಹಾಡುವವರಲ್ಲ, ಕೇಳುವುದಕ್ಕೆ ಇವರಿಗೆ ಬಿಡುವಿಲ್ಲ, ಎಲ್ಲಿ ಕೂಡಬೇಕು, ಯಾವಾಗ ಏಳಬೇಕು, ಮನೆಯಿಂದ ಏನೇನು ತರಬೇಕು, ಎಂತು ತಲೆದೂಗಬೇಕು ಎಂಬುದನ್ನು ಹೊಸಬರಿಗೆ ತಿಳಿಯಹೇಳುವುದೇ ಇವರ ವ್ರತ. ಸಂಗೀತಜ್ಞರೆಂದು ಕರೆದರೆ ತಾವೇ ಒಪ್ಪಲಾರರು, ಅಷ್ಟರಮಟ್ಟಿನ ವಿನಯ ಇವರಲ್ಲಿದೆ. ಆದಕಾರಣ ಚಪ್ಪರಜ್ಞರೆಂದು ಕರೆಯೋಣ.

ಇವರನ್ನು ಗುರುತಿಸುವುದು ಕಷ್ಟವಲ್ಲ. ಯಾವುದಾದರೊಂದು ಕಚೇರಿಯ ಸೇವೆಯಿಂದ ಗೌರವಪೂರ್ವಕವಾಗಿ ನಿವೃತ್ತರಾದ ಮುಖಮುದ್ರೆ, ಇಸ್ತ್ರಿಯ ಗೆರೆ ಅಳಿಯದ ಅಂಗಿ, ಹೆಗಲಿನಲ್ಲಿ ಯಾರದೋ ಮದುವೆಯಲ್ಲಿ ತಾಂಬೂಲದೊಡನೆ ಬಂದ ಬಟ್ಟೆಯ ಚೀಲ. ಚಪ್ಪರದಲ್ಲಿ ಸುಖವಾಗಿ ಇರುವುದಕ್ಕೆ ಬೇಕಾದ ಸಮಸ್ತ ಸಾಮಗ್ರಿಯೂ ಆ ಚೀಲದಲ್ಲಿ ಉಂಟು. ಗಾಳಿ ಊದಿ ಉಬ್ಬಿಸತಕ್ಕ ದಿಂಬು, ಏಕೆಂದರೆ ಮಡಿಸುವ ಕುರ್ಚಿಯ ಮೇಲೆ ಮೂರು ಗಂಟೆಯ ಕಾಲ ಕುಳಿತಿರಲೆಂದು ಭಗವಂತನು ಮನುಷ್ಯಶರೀರವನ್ನು ಸೃಷ್ಟಿಸಿದವನಲ್ಲ, ಮಡಿಸುವ ಕೊಡೆ, ಏಕೆಂದರೆ ಚೈತ್ರದ ಸಂಜೆಯ ಮಳೆಗೆ ಮುಹೂರ್ತವಿಲ್ಲ, ತೆಳುವಾದ ಶಾಲು, ಏಕೆಂದರೆ ಆ ಮಳೆ ನಿಂತ ಮೇಲೆ ಬೀಸುವ ಗಾಳಿ ಮಳೆಗಿಂತ ಕೆಟ್ಟದ್ದು, ಸೊಳ್ಳೆಯ ಮುಲಾಮು, ಬೀಸಣಿಗೆಯ ಕಾರ್ಯವನ್ನು ನಿರ್ವಹಿಸುತ್ತಿರುವ ಹಳೆಯ ವರ್ಷದ ಆಹ್ವಾನಪತ್ರಿಕೆ, ಮತ್ತು ಸ್ವಂತದ ಸ್ಟೀಲು ಲೋಟ. ಪಾನಕ ಹಂಚುವ ಎಡೆಯಲ್ಲಿ ಮೊದಲು ಮುಗಿದುಹೋಗುವುದು ಕಾಗದದ ಲೋಟ, ಪಾನಕವಲ್ಲ ಎಂಬ ಗಹನವಾದ ಸತ್ಯವನ್ನು ಇವರು ಅನುಭವದಿಂದ ಕಂಡುಕೊಂಡವರು. ಬೆಲ್ಲ, ಶುಂಠಿ, ಏಲಕ್ಕಿ, ಮೆಣಸು ಎಲ್ಲವೂ ಪಾತ್ರೆಯ ತಳದಲ್ಲಿರುವುದರಿಂದ ಸಾಲಿನ ಮೊದಲಿಗೆ ನಿಲ್ಲತಕ್ಕವನು ಮೂರ್ಖ, ಕೊನೆಗೆ ನಿಲ್ಲತಕ್ಕವನು ಹತಭಾಗ್ಯ, ಮಧ್ಯದಲ್ಲಿ ಸ್ವಲ್ಪ ಹಿಂದೆ ನಿಲ್ಲತಕ್ಕವನೇ ವಿವೇಕಿ ಎಂಬುದೂ ಇವರ ಸಿದ್ಧಾಂತಗಳಲ್ಲಿ ಒಂದು.

ಇವರ ಕಣ್ಣಿಗೆ ಹೊಸಬನು ಬೀಳುವ ಬಗೆ ಆಶ್ಚರ್ಯಕರವಾದದ್ದು. ಅತ್ತೆಯೋ ಚಿಕ್ಕಮ್ಮನೋ ಕಾಲುನೋವಿನ ನಿಮಿತ್ತ ಬರಲಾರದೆ ಬಿಟ್ಟುಕೊಟ್ಟ ಟಿಕೆಟ್ಟನ್ನು ಕೈಯಲ್ಲಿ ಹಿಡಿದು, ಕಂಪ್ಯೂಟರು ಕಂಪನಿಯ ಗುರುತಿನ ಚೀಟಿಯನ್ನು ಕೊರಳಿನಿಂದ ತೆಗೆಯುವುದಕ್ಕೂ ಮರೆತು, ಅತ್ತ ಇತ್ತ ನೋಡುತ್ತ ನಿಂತ ತರುಣನೊಬ್ಬನು ಎದುರಾದೊಡನೆ ಇವರು ಪಕ್ಕದ ಕುರ್ಚಿಯ ಮೇಲೆ ಹಾಸಿದ್ದ ಕರ್ಚೀಫನ್ನು ತೆಗೆದು, "ಬನ್ನಿ, ಬನ್ನಿ, ಇದೇ ಮೊದಲೋ?" ಎಂದು ವಿಚಾರಿಸುತ್ತಾರೆ. ಆ ಕರ್ಚೀಫು ಯಾವ ಬಂಧುವಿಗಾಗಿಯೂ ಹಾಸಿದ್ದಲ್ಲ, ಇಂಥ ಶಿಷ್ಯನಿಗಾಗಿಯೇ ಕಾದಿರಿಸಿದ್ದು ಎಂಬುದು ನನ್ನ ಬಲವಾದ ಗುಮಾನಿ. ತರುಣನು ಕುಳಿತುಕೊಳ್ಳುವಷ್ಟರಲ್ಲಿ ಇತಿಹಾಸದ ಅಧ್ಯಾಯ ಆರಂಭವಾಗಿರುತ್ತದೆ: ಈ ಉತ್ಸವವನ್ನು 1939ರಲ್ಲಿ ಪ್ರಾರಂಭ ಮಾಡಿದವರು ಇನ್ನೂ ಹುಡುಗರಾಗಿದ್ದ ಎಸ್. ವಿ. ನಾರಾಯಣಸ್ವಾಮಿರಾಯರು, ಇದನ್ನು ನಡೆಸುವ ಶ್ರೀರಾಮಸೇವಾ ಮಂಡಳಿಯೆಂದರೆ ಆಗ ಬೀದಿಯ ಒಂದು ಸಣ್ಣ ಪೂಜೆ, ಈಗ ಒಂದು ತಿಂಗಳ ಯಜ್ಞ, ಎಂ. ಎಸ್. ಸುಬ್ಬುಲಕ್ಷ್ಮಿಯವರು ಹಾಡಿದ ಸಂಜೆ ಟಿಕೆಟ್ಟಿಲ್ಲದವರು ಕಾಂಪೌಂಡಿನ ಆಚೆಗೆ ರಸ್ತೆಯ ಮೇಲೆ ಚಾಪೆ ಹಾಸಿ ಕುಳಿತಿದ್ದರು. ಆ ಚಾಪೆಯ ಮೇಲೆ ಕುಳಿತಿದ್ದವರಲ್ಲಿ ತಾವೂ ಒಬ್ಬರೋ ಎಂದು ಕೇಳಿದರೆ ಚಪ್ಪರಜ್ಞರು ಉತ್ತರ ಹೇಳುವುದಿಲ್ಲ, ಮಂದಹಾಸ ಬೀರುತ್ತಾರೆ. ವಯಸ್ಸಿನ ಲೆಕ್ಕ ಹಾಕುವುದು ಕೇಳಿದವರ ಕರ್ಮ.

ಆದರೆ ಇವರ ಪ್ರತಿಭೆ ಪೂರ್ಣವಾಗಿ ಪ್ರಕಾಶಿಸುವುದು ಸ್ಥಳನಿರ್ಣಯದಲ್ಲಿ. ಮೊದಲ ಮೂರು ಸಾಲು ದಾನಿಗಳಿಗೂ ವಿಮರ್ಶಕರಿಗೂ, ತಡವಾಗಿ ಬಂದು ಬೇಗನೆ ಹೋಗತಕ್ಕ ಗಣ್ಯರಿಗೂ ಮೀಸಲು, ಅವನ್ನು ಬಿಟ್ಟುಬಿಡಿ. ಧ್ವನಿವರ್ಧಕದ ಪೆಟ್ಟಿಗೆಯ ನೇರಕ್ಕೆ ಕೂಡಬಾರದು; ಕೂತರೆ ಮೃದಂಗದ ಪ್ರತಿಯೊಂದು ಪೆಟ್ಟೂ ಎದೆಗೆ ಬೀಳುತ್ತದೆ, ತಂಬೂರಿ ಮಾತ್ರ ಕಡೆಯವರೆಗೂ ಕೇಳಿಸುವುದಿಲ್ಲ. ಫ್ಯಾನಿನ ಅಡಿಯಲ್ಲಿ ಕೂಡಬಾರದು, ರೆಕ್ಕೆಯ ಸದ್ದಿಗೆ ಶ್ರುತಿಯಿಲ್ಲ. ಫ್ಯಾನಿನಿಂದ ದೂರವೂ ಕೂಡಬಾರದು, ಸೆಕೆಗೆ ಕರುಣೆಯಿಲ್ಲ. ಸಾಮಾನ್ಯವಾಗಿ ಗಾಯಕರ ಎಡಕ್ಕೆ ಪಿಟೀಲು, ಬಲಕ್ಕೆ ಮೃದಂಗ. ಮೃದಂಗದ ಬಲಮುಖ ಸಭೆಯ ಕಡೆಗೆ ತಿರುಗಿರಬೇಕೆಂಬುದೇ ಇದಕ್ಕೆ ಕಾರಣ. ಆದುದರಿಂದ ಪಿಟೀಲಿನ ಸವಿ ಬೇಕಾದವನು ಚಪ್ಪರದ ಬಲಭಾಗವನ್ನೂ ಲಯದ ರುಚಿಯುಳ್ಳವನು ಎಡಭಾಗವನ್ನೂ ಆಶ್ರಯಿಸಬೇಕು. ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರಂಥ ಎಡಗೈಯ ವಿದ್ವಾಂಸರಾದರೋ ಇಬ್ಬರ ಸ್ಥಳವೂ ಅದಲುಬದಲಾಗುತ್ತದೆ, ಆಗ ರಸಿಕನೂ ತನ್ನ ಚೀಲದೊಡನೆ ಸ್ಥಳ ಬದಲಾಯಿಸತಕ್ಕದ್ದು. ಇಷ್ಟಾದ ಮೇಲೆ, ಧ್ವನಿವರ್ಧಕಗಳನ್ನು ನಂಬಲಾಗದ ಕಾಲದಲ್ಲಿ ಹಿಂದಿನ ಸಾಲಿನವರಿಗೆ ತಮ್ಮ ನಾದ ಮುಟ್ಟುತ್ತಿಲ್ಲವಲ್ಲಾ ಎಂಬ ಕೊರಗಿನಿಂದ ಪಿಟೀಲಿಗೆ ಏಳು ತಂತಿಗಳನ್ನು ಕಟ್ಟಿದ ಮೈಸೂರು ಟಿ. ಚೌಡಯ್ಯನವರ ಕಥೆ ಬಂದೇ ಬರುತ್ತದೆ. ಕಥೆ ಸತ್ಯವಾದದ್ದು, ಕೇಳತಕ್ಕದ್ದೂ ಹೌದು. ಆದರೆ ವೇದಿಕೆಯ ಮೇಲೆ ಆ ಹೊತ್ತಿಗೆ ವರ್ಣ ಮುಗಿದುಹೋಗಿರುತ್ತದೆ. ಮಲ್ಲೇಶ್ವರದ ಕಡೆ ಅವರ ಹೆಸರಿನಲ್ಲಿ ಕಟ್ಟಿದ ಪಿಟೀಲಿನ ಆಕಾರದ ಸಭಾಂಗಣವನ್ನು ಚಪ್ಪರಜ್ಞರು ಅಷ್ಟಾಗಿ ಮೆಚ್ಚುವುದಿಲ್ಲ. ಅಲ್ಲಿ ಮಳೆ ಸೋರುವುದಿಲ್ಲ, ಸೊಳ್ಳೆ ಕಚ್ಚುವುದಿಲ್ಲ, ಕುರ್ಚಿಗೆ ಮೆತ್ತೆಯಿದೆ, ಹೀಗಿರುವಲ್ಲಿ ಸಲಹೆ ಕೊಡತಕ್ಕವನಿಗೆ ಏನು ಕೆಲಸ?

ಮಳೆಯ ಪ್ರಕರಣವೇ ಬೇರೆ. ಬಯಲಿನ ಕಚೇರಿಗೂ ಸಭಾಂಗಣದ ಕಚೇರಿಗೂ ಇರುವ ಅಂತರವೆಲ್ಲ ಬೆಂಗಳೂರಿನ ಏಪ್ರಿಲ್ ತಿಂಗಳಿನ ಗುಡುಗಿನಲ್ಲಿ ಅಡಗಿದೆ. ತಗಡು ಹೊದಿಸಿದ ಕಡೆ ಸದ್ದು, ಬಟ್ಟೆ ಹೊದಿಸಿದ ಕಡೆ ನೀರು. ಸಂಗೀತಪ್ರಿಯನು ನೀರನ್ನೂ ಪ್ರಾಣಪ್ರಿಯನು ಸದ್ದನ್ನೂ ಆರಿಸಿಕೊಳ್ಳಲಿ ಎಂಬುದು ಇವರ ತೀರ್ಪು. ಎರಡು ಕಂಬಗಳ ನಡುವೆ ಶಾಮಿಯಾನದ ಬಟ್ಟೆ ಜೋತುಬಿದ್ದು, ನೀರು ತುಂಬಿ, ಶ್ರಾದ್ಧದ ಊಟ ಮುಗಿಸಿದ ಪುರೋಹಿತರ ಉದರದಂತೆ ಕೆಳಕ್ಕೆ ಇಳಿದಿರುವಾಗ, ಉತ್ಸಾಹಿಯಾದ ಸ್ವಯಂಸೇವಕನೊಬ್ಬನು ಬಿದಿರಿನ ಗಳುವಿನಿಂದ ಅದನ್ನು ಮೇಲಕ್ಕೆ ತಿವಿಯುತ್ತಾನೆ. ಆಗ ಸಂಗ್ರಹವಾದ ನೀರೆಲ್ಲವೂ ಅಂಚಿನಲ್ಲಿ ಕುಳಿತ ಐದು ಜನರ ಮೇಲೆ ಏಕಕಾಲದಲ್ಲಿ ಅವತರಿಸುತ್ತದೆ. ಆದ್ದರಿಂದ ಕಂಬದ ಬುಡದಲ್ಲೇ ಕೂಡಬೇಕು. ಕಂಬದ ಹಿಂದೆ ಕೂತರೆ ಗಾಯಕರ ಮುಖ ಕಾಣುವುದಿಲ್ಲವೆಂದು ಅರ್ಧ ಗಂಟೆಯ ಹಿಂದೆ ತಾವೇ ಅಪ್ಪಣೆ ಕೊಡಿಸಿದ್ದನ್ನು ಶಿಷ್ಯನು ಜ್ಞಾಪಿಸಿದರೆ, "ಅದು ಬೇಸಗೆಯ ನಿಯಮ" ಎನ್ನುತ್ತಾರೆ.

ಮಳೆಯ ತರುವಾಯ ಒಂದು ಪಾಠ ಉಂಟು, ಅದು ನಿಜಕ್ಕೂ ಬೆಲೆಯುಳ್ಳದ್ದು. ಹವೆಯಲ್ಲಿ ತೇವವೇರಿದೊಡನೆ ಮೃದಂಗದ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ವಿದ್ವಾಂಸರು ಕಲ್ಲನ್ನೂ ಮರದ ತುಂಡನ್ನೂ ತೆಗೆದುಕೊಂಡು ಅಂಚಿನ ಹೆಣಿಗೆಯ ಮೇಲೆ ಸುತ್ತಲೂ ಮೃದುವಾಗಿ ಕುಟ್ಟುತ್ತ, ತಂಬೂರಿಗೆ ಕಿವಿಗೊಟ್ಟು, ಬೆರಳಿನಿಂದ ಮೀಟಿ ನೋಡಿ, ಇನ್ನೊಮ್ಮೆ ಕುಟ್ಟಿ, ಹಂತಹಂತವಾಗಿ ನಾದವನ್ನು ಮೇಲಕ್ಕೆ ತರುತ್ತಾರೆ. ಬಲಮುಖದ ಕಪ್ಪು ಕರಣೆ ಶಾಶ್ವತ. ಎಡಮುಖವಾದ ತೊಪ್ಪಿಗೆ ಮಾತ್ರ ಪ್ರತಿ ಕಚೇರಿಗೂ ಮುನ್ನ ರವೆಯನ್ನು ನೀರಿನಲ್ಲಿ ಕಲಸಿ ಮೆತ್ತಬೇಕು, ಕಚೇರಿ ಮುಗಿದೊಡನೆ ಕೆರೆದು ತೆಗೆಯಬೇಕು. "ಯಾವ ರವೆ ಸಾರ್?" ಎಂದು ತರುಣನು ಕೇಳಿದ್ದಕ್ಕೆ, "ಉಪ್ಪಿಟ್ಟಿನದೇ" ಎಂದು ಉತ್ತರ ಕೊಟ್ಟ ಚಪ್ಪರಜ್ಞರಿಗೆ ಉಪ್ಪಿಟ್ಟು ನೆನಪಾಗಿ, ಪ್ರಸಂಗ ಅಲ್ಲಿಂದ ಸಹಜವಾಗಿಯೇ ಕ್ಯಾಂಟೀನಿನ ಕಡೆಗೆ ಹೊರಳಿತು.

ಕ್ಯಾಂಟೀನಿಗೆ ಯಾವಾಗ ಏಳಬೇಕೆಂಬುದು ಸಣ್ಣ ಪ್ರಶ್ನೆಯಲ್ಲ. ಇಂದು ನಾವು ಕೇಳುವ ಕಚೇರಿಯ ಕ್ರಮಕ್ಕೆ, ಅಂದರೆ ವರ್ಣದಿಂದ ಮೊದಲುಮಾಡಿ ಬಗೆಬಗೆಯ ಕೃತಿಗಳನ್ನು ಹಾಡಿ, ಪ್ರಧಾನ ರಾಗವನ್ನು ವಿಸ್ತರಿಸಿ, ತನಿ ಆವರ್ತನವಾದ ಮೇಲೆ ದೇವರನಾಮವೇ ಮುಂತಾದ ಲಘು ರಚನೆಗಳಿಗೆ ಇಳಿಯತಕ್ಕ ಪದ್ಧತಿಗೆ, ಸ್ಥಿರವಾದ ರೂಪ ಕೊಟ್ಟವರು ಅರಿಯಾಕುಡಿ ರಾಮಾನುಜ ಅಯ್ಯಂಗಾರ್ಯರು. ಆ ಮಹನೀಯರು ಎಲ್ಲವನ್ನೂ ಯೋಚಿಸಿದರೂ ಕಾಫಿಗೆಂದು ಒಂದು ವಿರಾಮವನ್ನು ವಿಧಿಸಲಿಲ್ಲ, ರಸಿಕ ಸಮುದಾಯವು ಈ ಲೋಪವನ್ನು ತನಿ ಆವರ್ತನದಲ್ಲಿ ತುಂಬಿಕೊಂಡಿತು. ಮೃದಂಗದವರು ಮೊದಲ ಆವರ್ತವನ್ನು ಮುಗಿಸುವುದರೊಳಗಾಗಿ ಅರ್ಧ ಸಭೆ ಎದ್ದು ನಿಂತಿರುತ್ತದೆ. ಇದು ಮಹಾಪರಾಧವೆಂದು ಚಪ್ಪರಜ್ಞರು ಕೆಂಪಾಗಿ ಖಂಡಿಸುತ್ತಾರೆ: ಕಲಾವಿದನೊಬ್ಬನು ಒಂದೂವರೆ ಗಂಟೆಯ ಕಾಲ ಇನ್ನೊಬ್ಬರಿಗೆ ಅನುಸರಿಸಿ ನುಡಿಸಿ, ತನ್ನದೆಂಬ ಹತ್ತು ಹದಿನೈದು ನಿಮಿಷ ಬಂದಾಗ ಎದುರಿಗೆ ಬೆನ್ನುಗಳನ್ನು ಕಾಣಬೇಕೆ? ಖಂಡನೆ ನ್ಯಾಯವಾದದ್ದು. ಆದರೆ ತಾವು ಎದ್ದುಹೋಗುವುದು ಅದಕ್ಕಿಂತ ಮುಂಚೆ, ರಾಗಾಲಾಪನೆಯ ಮಧ್ಯದಲ್ಲಿ. ಆಗ ಸಾಲು ಚಿಕ್ಕದು, ಬೋಂಡ ಬಿಸಿಯಾದದ್ದು. ತನಿ ಆರಂಭವಾಗುವ ಹೊತ್ತಿಗೆ ಇವರು ಹಿಂದಿರುಗಿ, ಎಣ್ಣೆಯ ಕೈಯಿಂದಲೇ ತೊಡೆಯ ಮೇಲೆ ಆದಿತಾಳದ ಎಂಟು ಎಣಿಕೆಯನ್ನು ಸಭೆಗೆಲ್ಲ ಕಾಣುವಂತೆ ಹಾಕತೊಡಗುತ್ತಾರೆ. ಒಂದೆರಡು ಆವರ್ತಗಳಲ್ಲಿ ಆ ಕೈ ವೇದಿಕೆಯ ಕೈಗಿಂತ ಮುಂದಕ್ಕೆ ಹೋಗುತ್ತದೆ. ಆಗ ಹೊಸಬನ ಕಡೆಗೆ ಬಾಗಿ, ಮೃದಂಗದವರು ಓಡುತ್ತಿದ್ದಾರೆಂದು ಕಿವಿಮಾತು ಹೇಳುತ್ತಾರೆ.

ರಾಗದ ಹೆಸರನ್ನು ಪಕ್ಕದವರಲ್ಲಿ ಕೇಳಬಾರದೆಂಬುದು ಇನ್ನೊಂದು ಉಪದೇಶ. ಪಕ್ಕದವರಿಗೆ ಗೊತ್ತಿರುವುದಿಲ್ಲ, ಗೊತ್ತಿಲ್ಲವೆನ್ನುವ ಧೈರ್ಯವೂ ಇರುವುದಿಲ್ಲ. ದರ್ಬಾರಿಗೂ ನಾಯಕಿಗೂ, ಆನಂದಭೈರವಿಗೂ ರೀತಿಗೌಳಕ್ಕೂ, ಆರಭಿಗೂ ದೇವಗಾಂಧಾರಿಗೂ ನಡುವಣ ಗಡಿಯಲ್ಲಿ ಘಟಾನುಘಟಿಗಳೂ ಒಂದು ಕ್ಷಣ ತಡೆದು ನಿಲ್ಲುತ್ತಾರೆಂದು ಇವರು ಎಚ್ಚರಿಸುತ್ತಾರೆ. ತಮ್ಮನ್ನೇ ಯಾರಾದರೂ ಕೇಳಿದರೆ "ಆರಭಿಯ ಛಾಯೆ ಇದೆ" ಎನ್ನುವರು. ಈ ಉತ್ತರದಲ್ಲಿ ಎಂದಿಗೂ ಸೋಲಿಲ್ಲ: ವಿದ್ವಾಂಸರು ಕೃತಿಯ ಪಲ್ಲವಿಯನ್ನು ಎತ್ತಿಕೊಂಡೊಡನೆ, ಅದು ಯಾವುದೇ ಆಗಲಿ, "ನಾನು ಹೇಳಲಿಲ್ಲವೆ?" ಎನ್ನಬಹುದು.

ಮೊಬೈಲು ಫೋನಿನ ಬಗೆಗೂ ಚಪ್ಪಾಳೆಯ ಬಗೆಗೂ ಇವರು ಹೇಳುವುದನ್ನು ನೀವು ಊಹಿಸಬಲ್ಲಿರಿ. ಮಂಗಳದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಸೌರಾಷ್ಟ್ರ ರಾಗದಲ್ಲಿ ಮಂಗಳ ಹಾಡಿ ಮುಗಿಯುವ ಮುನ್ನ ಎದ್ದವನು ರಸಿಕನೇ ಅಲ್ಲ. ಮೊದಲು ಕೊನೆಯ ಬಸ್ಸಿನ ನೆಪವಾದರೂ ಇತ್ತು. ಈಗ ಕೃಷ್ಣರಾಜೇಂದ್ರ ಮಾರುಕಟ್ಟೆಯ ಮೆಟ್ರೋ ನಿಲ್ದಾಣ ನಡೆದುಹೋಗುವಷ್ಟು ಹತ್ತಿರದಲ್ಲಿ ಬಂದಿರುವಾಗ ಯಾವ ನೆಪವನ್ನೂ ಇವರು ಒಪ್ಪುವುದಿಲ್ಲ.

ಒಂದು ಸಂಜೆ ಮಳೆ ಬಿರುಸಾಗಿ ಹುಯ್ದು, ಕಾಂಬೋದಿಯ ಆಲಾಪನೆ ತಾರಸ್ಥಾಯಿಯನ್ನು ಮುಟ್ಟುವ ಹೊತ್ತಿನಲ್ಲಿ ವಿದ್ಯುಚ್ಛಕ್ತಿ ಹೊರಟುಹೋಯಿತು. ಧ್ವನಿವರ್ಧಕ ಮೌನವಾಯಿತು, ಮಳೆ ನಿಂತಿತ್ತು, ಗಾಯಕರು ನಿಲ್ಲಿಸಲಿಲ್ಲ, ಬರಿಯ ಕಂಠದಿಂದಲೇ ಮುಂದುವರಿಸಿದರು. ಕುರ್ಚಿಯ ಕಿರುಗುಟ್ಟುವಿಕೆ ಕೂಡ ಅಡಗಿ ಇಡೀ ಸಭೆ ಮುಂದಕ್ಕೆ ಬಾಗಿ ಕೇಳುತ್ತಿರಲಾಗಿ, ಮಧ್ಯದ ಸಾಲಿನಿಂದ, ಯಾವ ಯಂತ್ರದ ಸಹಾಯವೂ ಇಲ್ಲದೆ, ಚಪ್ಪರದ ಕಟ್ಟಕಡೆಯ ಕಂಬದವರೆಗೂ ಸ್ಪಷ್ಟವಾಗಿ ಕೇಳಿಸಿದ್ದು ಇನ್ನೊಂದು ಕಂಠ: "ಜನರೇಟರಿನ ಪಕ್ಕದಲ್ಲಿ ಕೂಡಬಾರದೆಂದು ಹೇಳಿದ್ದು ಇದಕ್ಕೇ, ಈಗ ಹೊಗೆ ಬರುತ್ತದೆ ನೋಡಿ!" ಸಾವಿರ ತಲೆಗಳು ಒಮ್ಮೆಲೇ ತಿರುಗಿದವು. ಹೊಗೆಯೂ ಬಂದಿತು.

ಹೌದು, ಹೊಗೆ ಬಂದಿತು. ಇವರ ಸಲಹೆಗಳಲ್ಲಿ ಸುಳ್ಳೆಂಬುದು ಒಂದೂ ಇಲ್ಲವೆಂಬುದೇ ಈ ಜಾತಿಯ ವೈಶಿಷ್ಟ್ಯ. ದಿಂಬು ತಾರದವನು ನೊಂದುಕೊಳ್ಳುತ್ತಾನೆ, ಕೊಡೆ ತಾರದವನು ನೆನೆಯುತ್ತಾನೆ, ಲೋಟ ತಾರದವನಿಗೆ ಪಾನಕವಿಲ್ಲ. ಆದ್ದರಿಂದ ಬರುವ ಚೈತ್ರದಲ್ಲಿ ಮೊದಲ ಬಾರಿಗೆ ಹೊರಡತಕ್ಕ ವಾಚಕರು ಅರ್ಧ ಗಂಟೆ ಮುಂಚಿತವಾಗಿ ಚಪ್ಪರವನ್ನು ಸೇರಿ, ಚಪ್ಪರಜ್ಞರೊಬ್ಬರನ್ನು ಹುಡುಕಿ, ಅವರು ಹೇಳುವುದನ್ನೆಲ್ಲ ಶ್ರದ್ಧೆಯಿಂದ ಕೇಳಿ, ನಮಸ್ಕಾರ ಮಾಡಿ, ತಂಬೂರಿ ಮಿಡಿಯುವುದರೊಳಗಾಗಿ ಅವರಿಂದ ಹತ್ತು ಸಾಲು ಹಿಂದಕ್ಕೆ ಹೋಗಿ ಕುಳಿತುಕೊಳ್ಳಬೇಕೆಂದು ಪ್ರಾರ್ಥನೆ.