ಅನ್‌ಇನ್‌ಸ್ಟಾಲ್ ಅಣ್ಣ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಈ ನಾಲ್ಕರಲ್ಲಿ ಯಾವ ಊರಿನ ಟೀ ಅಂಗಡಿಯ ಮುಂದೆ ನಿಂತರೂ ಅನ್‌ಇನ್‌ಸ್ಟಾಲ್ ಅಣ್ಣ ಸಿಕ್ಕೇ ಸಿಗುತ್ತಾನೆ. ವಯಸ್ಸು ಇಪ್ಪತ್ತೈದು ದಾಟಿರುತ್ತದೆ, ಮೂವತ್ತೈದು ಆಗಿರುವುದಿಲ್ಲ. ಒಂದು ಕೈಯಲ್ಲಿ ಬೈಟು ಟೀ, ಇನ್ನೊಂದರಲ್ಲಿ ಮೂಲೆ ಬಿರುಕು ಬಿಟ್ಟ ಫೋನು. ಸುತ್ತ ಕಾಲೇಜು ಹುಡುಗರು ನಾಲ್ಕೈದು ಮಂದಿ. ಅಣ್ಣ ಟೀ ಹೀರಿ, ನಿಟ್ಟುಸಿರು ಬಿಟ್ಟು, ತೀರ್ಪು ಕೊಡುತ್ತಾನೆ: "ಗೇಮು ಹಾಳಾಗೋಯ್ತು ಕಣ್ರಲಾ. ಇವತ್ತು ರಾತ್ರಿ ಅನ್‌ಇನ್‌ಸ್ಟಾಲ್ ಮಾಡ್ಬುಡ್ತೀನಿ."

ಹುಡುಗರು ತಲೆಯಾಡಿಸುತ್ತಾರೆ. ಆ ಹುಡುಗರು ಹೈಸ್ಕೂಲಿನಲ್ಲಿದ್ದಾಗಲೂ ಅಣ್ಣ ಇದೇ ಮಾತು ಹೇಳುತ್ತಿದ್ದ.

ಊರು ಬದಲಾದಂತೆ ಅಣ್ಣನ ನಡೆನುಡಿಯೂ ಕೊಂಚ ಬದಲಾಗುತ್ತದೆ. ರಾಮನಗರ, ಚನ್ನಪಟ್ಟಣದವನು ಬೆಂಗಳೂರಿಗೆ ರೈಲಿನಲ್ಲಿ ಹೋಗುತ್ತಾನೆ. ಬಿಡದಿ ಬರುವುದರೊಳಗೆ ಅವನ ಮೊದಲ ಮ್ಯಾಚು ಕೊನೆಯ ಝೋನಿಗೆ ಬಂದಿರಬೇಕು. ಕನಕಪುರ, ಮಾಗಡಿಗೆ ರೈಲಿಲ್ಲ. ಅಲ್ಲಿಯವನು ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಆಡುತ್ತಾನೆ. ರಸ್ತೆ ಗುಂಡಿಯಿಂದ ಗುರಿ ತಪ್ಪಿದರೂ ಅಪ್‌ಡೇಟಿಗೇ ಬೈಯುತ್ತಾನೆ.

ಅಣ್ಣನ ಪಂಚಾಂಗದಲ್ಲಿ ಕೃತಯುಗ ಶುರುವಾದದ್ದು 2018ರ ಮಾರ್ಚಿನಲ್ಲಿ, ಪಬ್‌ಜಿ ಮೊಬೈಲಿಗೆ ಬಂದಾಗ. 2016ರ ಸೆಪ್ಟೆಂಬರಿನಲ್ಲೇ ಜಿಯೋ ಬಂದು ಡೇಟಾ ನೀರಿನಷ್ಟು ಸಲೀಸಾಗಿತ್ತು. ವಿಮಾನದಿಂದ ನೂರು ಜನ ಧುಮುಕುವುದು, ಎರಂಗೆಲ್ ಎಂಬ ದ್ವೀಪದಲ್ಲಿ ಮನೆಮನೆ ಹೊಕ್ಕು ಬಂದೂಕು ಆಯುವುದು, ಕೊನೆಗೆ ಉಳಿದವನು ಗೆದ್ದ. ಕಥೆ ಇಷ್ಟೇ. ಹಾರೋಹಳ್ಳಿಗೆ ಹೋಗುವ ಅಡ್ಡದಾರಿ ಗೊತ್ತಿಲ್ಲದ ಹುಡುಗರಿಗೆ ಆ ದ್ವೀಪದ ಪೊಚಿಂಕಿ ಎಂಬ ಊರಿನ ಪ್ರತಿ ಮನೆಯ ಮಹಡಿ ಮೆಟ್ಟಿಲು ಗೊತ್ತಿತ್ತು. ಬೆನ್ನಿಗೆ ಬಾಣಲೆ ಕಟ್ಟಿಕೊಂಡರೆ ಹಿಂದಿನಿಂದ ಬಂದ ಗುಂಡೂ ನಾಟುತ್ತಿರಲಿಲ್ಲ. ಇಂಥ ನ್ಯಾಯವಂತ ಲೋಕ ಮತ್ತೆ ಬರಲಿಲ್ಲ ಎನ್ನುವುದು ಅಣ್ಣನ ಅಂಬೋಣ.

ಕಲಿಯುಗ ಬಂದ ತಾರೀಖೂ ಅವನಿಗೆ ಬಾಯಿಪಾಠ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಪಟ್ಟಿಯಲ್ಲಿ ಪಬ್‌ಜಿ ಮೊಬೈಲೂ ಇತ್ತು. ಹೊಸ ರೂಪದ ಎರಂಗೆಲ್ ಬಿಡುಗಡೆಯಾದದ್ದು ಸರಿಯಾಗಿ ಆರು ದಿನಕ್ಕೆ. ಅಕ್ಟೋಬರ್ 30ಕ್ಕೆ ಸರ್ವರೂ ಬಂದಾಯಿತು. 2021ರ ಜುಲೈ 2ರಂದು ಅದೇ ಆಟ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಅಂದರೆ ಬಿಜಿಎಂಐ, ಎಂಬ ಹೊಸ ನಾಮಧೇಯದಲ್ಲಿ ಬಂತು. ಹಳೇ ಅಕೌಂಟನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳಿ ಎಂದರು. ಅಜ್ಜನ ಹೆಸರಿನಲ್ಲಿರುವ ಜಮೀನಿನ ಪೌತಿ ಖಾತೆಗೆ ಈವರೆಗೂ ಅರ್ಜಿ ಹಾಕದ ಅಣ್ಣ ಅಕೌಂಟ್ ವರ್ಗಾವಣೆಯನ್ನು ಒಂದೇ ರಾತ್ರಿಯಲ್ಲಿ ಮುಗಿಸಿದ.

ಬಂದ ಆಟದಲ್ಲಿ ಗುಂಡು ಬಿದ್ದರೆ ಚಿಮ್ಮುವ ರಕ್ತ ಹಸಿರಾಗಿತ್ತು. ಕೊಂದರೆ 'ಕಿಲ್' ಎನ್ನುವಂತಿಲ್ಲ, 'ಫಿನಿಶ್' ಎನ್ನಬೇಕು. ಇದು ನಿಜ ಪ್ರಪಂಚವಲ್ಲ ಎಂದು ಆಟವೇ ನೆನಪಿಸುತ್ತಿತ್ತು. ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರೇ ಗಂಟೆ, ಖರ್ಚಿಗೆ ದಿನಕ್ಕೆ 7,000 ರೂಪಾಯಿಯ ಮಿತಿ. "ದಿನಕ್ಕೆ ಏಳು ಸಾವಿರ ಖರ್ಚು ಮಾಡೋ ಮಗ ನಮ್ಮ ಕಡೆ ಎಲ್ಲವನ್ಲಾ?" ಎಂದು ಅಣ್ಣ ನಕ್ಕ. ಆ ತಿಂಗಳ ಅವನ ಖರ್ಚನ್ನು ಅವನ ತಾಯಿಯ ಮುಂದೆ ಮಾತ್ರ ಯಾರೂ ಎತ್ತಬಾರದು.

2022ರ ಜುಲೈ 28ರಂದು ಸರ್ಕಾರದ ಆದೇಶದಿಂದ ಬಿಜಿಎಂಐ ಕೂಡ ಆ್ಯಪ್ ಅಂಗಡಿಗಳಿಂದ ಮಾಯವಾಯಿತು. 2023ರ ಮೇ ಕೊನೆಯಲ್ಲಿ ಮರಳಿ ಬಂದಾಗ ದೊಡ್ಡವರಿಗೂ ದಿನಕ್ಕೆ ಆರು ಗಂಟೆಯ ಕಟ್ಟು ಹಾಕಿದ್ದರು. ಬಿಡ್ತೀನಿ ಬಿಡ್ತೀನಿ ಎಂದು ವರ್ಷಗಟ್ಟಲೆ ಸಾರುತ್ತಾ ಬಂದ ಅಣ್ಣ ಆಟದಿಂದ ನಿಜವಾಗಿ ದೂರವಾದದ್ದು ಎರಡೇ ಸಲ. ಎರಡು ಸಲವೂ ಬಿಡಿಸಿದ್ದು ಭಾರತ ಸರ್ಕಾರ.

ಇಷ್ಟಾದರೂ ಅವನ ಬಾಯಲ್ಲಿ ಅದು ಪಬ್‌ಜಿಯೇ. 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ಜಿಲ್ಲೆಯನ್ನೂ ಅವನು ರಾಮನಗರ ಜಿಲ್ಲೆ ಎಂದೇ ಕರೆಯುತ್ತಾನೆ.

ಅಣ್ಣನ ಆರೋಪಪಟ್ಟಿ ಉದ್ದವಿದೆ. ಮೊದಲನೆಯದು ಬಟ್ಟೆ. ಮೊದಲೆಲ್ಲ ಬನಿಯನ್ನು ಚಡ್ಡಿಯಲ್ಲಿ ಇಳಿದು, ಸಿಕ್ಕಿದ್ದನ್ನು ತೊಟ್ಟು, ಹುಲ್ಲಿನಲ್ಲಿ ಮಲಗುತ್ತಿದ್ದರು. ಈಗ ಮಿಣಮಿಣ ಮಿನುಗುವ ಸೂಟು, ಬೆನ್ನಿಗೆ ರೆಕ್ಕೆ. ಯುದ್ಧಕ್ಕೆ ಬಂದವನೋ, ಆರತಕ್ಷತೆಗೆ ಹೊರಟವನೋ ತಿಳಿಯುವುದಿಲ್ಲ. ಎರಡನೆಯದು ಗಾಡಿ. 2025ರಲ್ಲಿ ಮಹೀಂದ್ರಾದ ಎಲೆಕ್ಟ್ರಿಕ್ ಕಾರು ಬಂತು, ಬೆನ್ನಿಗೇ ರಾಯಲ್ ಎನ್‌ಫೀಲ್ಡ್ ಬುಲೆಟ್. ಮನೆ ಮುಂದಿನ ಬುಲೆಟ್‌ಗೆ ಇನ್ನೂ ಕಂತು ಕಟ್ಟುತ್ತಿರುವ ಅಣ್ಣನ ಎದುರಿಗೆ ಎರಂಗೆಲ್‌ನಲ್ಲಿ ಪಿಯುಸಿ ಹುಡುಗನೊಬ್ಬ ಬುಲೆಟ್ ಮೇಲೆ ಬಂದು ಗುಂಡು ಹೊಡೆದು ಹೋದರೆ ಕರುಳು ಉರಿಯದೆ ಇದ್ದೀತೆ? ಮೂರನೆಯದು ಬಾಟ್‌ಗಳು, ಅಂದರೆ ಮನುಷ್ಯರ ಹೆಸರಿಟ್ಟುಕೊಂಡು ಓಡಾಡುವ ಯಂತ್ರಗಳು. ಅಣ್ಣ ಸತ್ತರೆ ಎದುರಾಳಿ ಹ್ಯಾಕರ್. ಹುಡುಗರು ಕೊಂದರೆ ಸತ್ತದ್ದು ಬಾಟು.

ರಾಮನಗರದ ಅಣ್ಣನ ಬತ್ತಳಿಕೆಯಲ್ಲಿ ಒಂದು ಬ್ರಹ್ಮಾಸ್ತ್ರವಿದೆ. ಅವನು ಬೆಟ್ಟದ ಕಡೆಗೆ ಕೈ ತೋರಿಸುತ್ತಾನೆ. "ಶೋಲೆ ತೆಗೆದ ಜಾಗ ನೋಡ್ಲಾ. 1975ರಲ್ಲಿ ಬಂತು. ಇವತ್ತಿಗೂ ಆ ಬಂಡೆ ನೋಡಕ್ಕೆ ಜನ ಬತ್ತಾರೆ. ಎರಡನೇ ಸೀಸನ್ ಅಂತ ಗಬ್ಬರ್‌ಗೆ ಗುಲಾಬಿ ಸೂಟು ಹೊಲಿಸಿದ್ರಾ?" ಯಾರಾದರೂ ತಿಳಿದವರು ಪಕ್ಕದಲ್ಲಿದ್ದರೆ, 2007ರಲ್ಲಿ ರಾಮ್‌ಗೋಪಾಲ್ ವರ್ಮಾ ಶೋಲೆಯನ್ನು 'ಆಗ್' ಎಂದು ಹೊಸದಾಗಿ ತೆಗೆದರಲ್ಲ ಎಂದು ನೆನಪಿಸುತ್ತಾರೆ. ಅಣ್ಣ ಕಾಯುತ್ತಿದ್ದದ್ದೇ ಅದಕ್ಕೆ. "ಅದು ಅಪ್‌ಡೇಟು. ಏನಾಯ್ತು?" ಎನ್ನುತ್ತಾನೆ. ಏನಾಯಿತೆಂದು ಎಲ್ಲರಿಗೂ ಗೊತ್ತು.

ಕನಕಪುರದಲ್ಲಿರುವವನು ಇವನ ದಾಯಾದಿ, ಕಾಲ್ ಆಫ್ ಡ್ಯೂಟಿ ಪಂಥದವನು. 2003ರಲ್ಲಿ ಎರಡನೇ ಮಹಾಯುದ್ಧದ ಸೈನಿಕರೊಂದಿಗೆ ಶುರುವಾದ ಸರಣಿ ಅದು. 2014ರಲ್ಲಿ ಸೈನಿಕರ ಮೈಗೆ ಯಂತ್ರದ ಕವಚ ತೊಡಿಸಿ ಗಾಳಿಯಲ್ಲಿ ನೆಗೆಸಿದರು. 2016ರಲ್ಲಿ ಯುದ್ಧವನ್ನೇ ಬಾಹ್ಯಾಕಾಶಕ್ಕೆ ಒಯ್ದರು. ಆ ಆಟದ ಟ್ರೇಲರಿಗೆ ಯೂಟ್ಯೂಬಿನಲ್ಲಿ 30 ಲಕ್ಷಕ್ಕೂ ಹೆಚ್ಚು ಡಿಸ್‌ಲೈಕ್ ಬಿತ್ತು. ಮರುವರ್ಷವೇ ಸೈನಿಕರನ್ನು ಬಾಹ್ಯಾಕಾಶದಿಂದ ಇಳಿಸಿ ಮತ್ತೆ ಎರಡನೇ ಮಹಾಯುದ್ಧದ ಕೆಸರಿಗೆ ತಂದು ನಿಲ್ಲಿಸಿದರು. ಕೆಸರು ಒಣಗುವ ಮೊದಲೇ ರಾಪ್ ಗಾಯಕರು ಆಟದ ಪಾತ್ರಗಳಾಗಿ ಬಂದರು: 2022ರಲ್ಲಿ ಸ್ನೂಪ್ ಡಾಗ್, 2023ರಲ್ಲಿ ನಿಕಿ ಮಿನಾಜ್. ಕೊನೆಗೆ 2025ರ ಆಗಸ್ಟಿನಲ್ಲಿ ಕಂಪನಿಯವರೇ ಹಿಂದಿನ ಆಟದ ವೇಷಗಳನ್ನು ಸರಣಿಯ ಮುಂದಿನ ಆಟ ಬ್ಲ್ಯಾಕ್ ಆಪ್ಸ್ 7ಕ್ಕೆ ತರುವುದಿಲ್ಲ ಎಂದರು. ಕನಕಪುರದ ಅಣ್ಣ ಇದನ್ನು ತನ್ನ ಸ್ವಂತ ಗೆಲುವೆಂದು ಸ್ನೇಹಿತರಿಗೆ ಪಾನಿಪುರಿ ಕೊಡಿಸಿದ. ವೇಷಗಳಿಗೆ ಸುರಿದ ದುಡ್ಡು ನೆನಪಾದದ್ದು ಆಮೇಲೆ.

ಮಾಗಡಿಯವನ ಬಳಿ ಕಂಪ್ಯೂಟರೇ ಇದೆ. ಅವನದು ಬ್ಯಾಟಲ್‌ಫೀಲ್ಡ್, 2002ರಿಂದ ನಡೆದು ಬಂದ ಮನೆತನ. 2021ರ ನವೆಂಬರಿನಲ್ಲಿ ಬಂದ ಬ್ಯಾಟಲ್‌ಫೀಲ್ಡ್ 2042ರಲ್ಲಿ 128 ಜನ ಒಟ್ಟಿಗೆ ಆಡಬಹುದಾಗಿತ್ತು. ಆದರೆ ವೈದ್ಯ, ಎಂಜಿನಿಯರ್ ಎಂದು ತಂಡದಲ್ಲಿ ಕೆಲಸ ಹಂಚುವ ಹಳೇ ಪದ್ಧತಿ ತೆಗೆದಿದ್ದರು. ಹೆಡ್‌ಸೆಟ್‌ನಲ್ಲಿ ಮಾತಾಡುವ ಸೌಕರ್ಯ ಇರಲಿಲ್ಲ. ಹಿಂದಿನ ಆಟಗಳಲ್ಲಿದ್ದಂಥ ಸ್ಕೋರ್‌ಬೋರ್ಡೂ ಇರಲಿಲ್ಲ. "ನಮ್ಮೂರ ಕಬಡ್ಡಿ ಟೂರ್ನಮೆಂಟಲ್ಲೂ ಸೀಮೆಸುಣ್ಣ ಹಿಡ್ಕೊಂಡು ಒಬ್ಬ ಕೂತಿರ್ತಾನೆ. ಅಷ್ಟು ದೊಡ್ಡ ಕಂಪನಿಗೆ ಅವನೊಬ್ಬ ಸಿಗಲಿಲ್ವಾ?" ಎಂದು ಅವನು ಕೇಳಿದ್ದಕ್ಕೆ ಸಾವನದುರ್ಗದ ಬಂಡೆಯೂ ಒಪ್ಪಿರಬೇಕು. ಕಂಪನಿ ಒಂದೊಂದಾಗಿ ಎಲ್ಲವನ್ನೂ ವಾಪಸ್ ಕೊಟ್ಟಿತು. ಅಷ್ಟರಲ್ಲಿ ಆಡುವವರು ಚದುರಿದ್ದರು. 2025ರ ಅಕ್ಟೋಬರಿನಲ್ಲಿ ಹಳೇ ಪದ್ಧತಿಯ ಬ್ಯಾಟಲ್‌ಫೀಲ್ಡ್ 6 ಬಂದಾಗ ಮೂರೇ ದಿನದಲ್ಲಿ 70 ಲಕ್ಷಕ್ಕೂ ಹೆಚ್ಚು ಪ್ರತಿಗಳು ಹೋದವು. ಅದರಲ್ಲಿ ಒಂದು ಮಾಗಡಿಗೂ ಬಂತು. ಎರಡನೇ ವಾರಕ್ಕೆ ಅಣ್ಣ ಮುಖ ಸಿಂಡರಿಸಿದ: "ಮ್ಯಾಪು ಚಿಕ್ಕದಾಯ್ತು."

ಈ ಅಣ್ಣಂದಿರ ಕುಲದೇವರ ಪಟವೊಂದಿದೆ. 2009ರಲ್ಲಿ ಕಾಲ್ ಆಫ್ ಡ್ಯೂಟಿಯ ಮಾಡರ್ನ್ ವಾರ್‌ಫೇರ್ 2 ಬರುವ ಮೊದಲು, ಕಂಪ್ಯೂಟರ್ ಆಟಗಾರರು ತಮ್ಮದೇ ಸರ್ವರ್ ನಡೆಸುವ ಸೌಲಭ್ಯ ಇರುವುದಿಲ್ಲವೆಂದು ಗೊತ್ತಾಯಿತು. ಸಿಟ್ಟಿಗೆದ್ದವರು ಆಟ ಮಾರುವ ಸ್ಟೀಮ್ ತಾಣದಲ್ಲಿ ಬಹಿಷ್ಕಾರದ ಬಳಗ ಕಟ್ಟಿದರು. ನವೆಂಬರ್ 10ರಂದು ಆಟ ಬಂತು. ಆಗ ಯಾರೋ ಬಳಗದ ಸದಸ್ಯರ ಪಟ್ಟಿ ತೆರೆದು ಚಿತ್ರ ಹಿಡಿದರು. ಸಾಲಾಗಿ ಹೆಸರುಗಳು, ಹೆಸರಿನ ಕೆಳಗೆ ಯಾರು ಏನು ಆಡುತ್ತಿದ್ದಾರೆಂಬ ವಿವರ. ಬಹಿಷ್ಕಾರ ಹಾಕಿದವರಲ್ಲಿ ಆ ಚಿತ್ರದಲ್ಲಿ ಕಂಡ ಹೆಚ್ಚಿನವರು ಮಾಡರ್ನ್ ವಾರ್‌ಫೇರ್ 2 ಆಡುತ್ತಿದ್ದರು.

ಕಂಪನಿಗಳಿಗೆ ಈ ಪಟ ಕಾಣಿಸದೇ ಇರುತ್ತದೆಯೇ? ಬಿಜಿಎಂಐನಂಥ ಆಟ ಬಿಟ್ಟಿ. ಅದರ ಬದುಕು ನಡೆಯುವುದು ಬಟ್ಟೆ, ಬಂದೂಕಿನ ಬಣ್ಣ, ಅದೃಷ್ಟದ ಪೆಟ್ಟಿಗೆಗಳ ಮಾರಾಟದಿಂದ. ಹೊಸ ಸೀಸನ್ನಿಗೆ ಹೊಸ ಸರಕು ಬೇಕೇ ಬೇಕು. ಹೋದ ಸಲ ರೆಕ್ಕೆ ಮಾರಿದವರು ಈ ಸಲ ಬರೀ ಬನಿಯನ್ನು ಮಾರಲಾರರು. ಕೊಳ್ಳುವವರು ಹೊಸ ಹುಡುಗರು, ಕೂಗುವವನು ಅಣ್ಣ. ಕೂಗಿಕೊಂಡೇ ಅವನೂ ಒಂದು ಪೆಟ್ಟಿಗೆ ಒಡೆಯುತ್ತಾನೆ.

ಅಣ್ಣನ ಬಾಯಿ ಕಟ್ಟಿದ್ದು ಚನ್ನಪಟ್ಟಣದಲ್ಲಿ, ಅದೂ ಮನೆಯೊಳಗೆ. ಅಲ್ಲಿಯ ಅಣ್ಣನ ದೊಡ್ಡಪ್ಪ ಬೊಂಬೆ ಮಾಡುವವರು. ಹಾಲೆ ಮರವನ್ನು ಲೇತಿಗೆ ಕೊಟ್ಟು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹಚ್ಚುವ ಕೈ ಅವರದು. ಎಲ್ಲ ಬದಲಾಯಿಸಿ ಹಾಳು ಮಾಡಿದರು ಎಂದು ಅಣ್ಣ ಗೊಣಗುವುದನ್ನು ಕೇಳಿ ಕೇಳಿ ಒಂದು ದಿನ ಲೇತ್ ನಿಲ್ಲಿಸಿದರು. "ಪ್ಲಾಸ್ಟಿಕ್ ಬೊಂಬೆ ಬಂತು. ನಾನು ಕೀಚೈನು, ಬಳೆ, ಲ್ಯಾಂಪು ಮಾಡಕ್ಕೆ ಕಲಿತೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆಯ್ತು, ಮೈಸೂರಿಗೆ ಹೋಗೋ ಕಾರೆಲ್ಲ ಊರಿನ ಹೊರಗೇ ಹೋಗ್ತವೆ. ರೋಡೇ ಅಂಗಡಿ ಬಿಟ್ಟೋಯ್ತು. ನಾನೇನಾದ್ರೂ ಲೇತ್ ಅನ್‌ಇನ್‌ಸ್ಟಾಲ್ ಮಾಡಿದ್ನಾ?"

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ ಮಾತಿನಲ್ಲಿ ತೂಕವಿತ್ತು. "ನೀವು ಕೀಚೈನ್ ಮಾಡಿದ್ರೂ ಹಳೇ ಕುದುರೆ ಬೊಂಬೆ ಅಂಗಡೀಲಿ ಐತಲ್ಲ ದೊಡ್ಡಪ್ಪ. ಬೇಕಾದವನು ತಗೋತಾನೆ. ಇವರು ಹಂಗಲ್ಲ. ಹೊಸದು ಕೊಡುವಾಗ ಹಳೇದನ್ನ ಕಿತ್ಕೊಂಡು ಹೋಯ್ತಾರೆ."

ಇದು ನಿಜ. 'ಆಗ್' ಬಂದಾಗ ಯಾರೂ ಶೋಲೆಯ ಪ್ರಿಂಟನ್ನು ಹೊತ್ತುಕೊಂಡು ಹೋಗಲಿಲ್ಲ. ಬೇಕೆಂದವರು ಇವತ್ತೂ ನೋಡಬಹುದು. ಆನ್‌ಲೈನ್ ಆಟಕ್ಕೆ ಆ ಭಾಗ್ಯವಿಲ್ಲ. 2012ರಲ್ಲಿ ಬಂದ ಕೌಂಟರ್-ಸ್ಟ್ರೈಕ್ ಗ್ಲೋಬಲ್ ಅಫೆನ್ಸಿವ್ ಆಡುತ್ತಿದ್ದವರು 2023ರ ಸೆಪ್ಟೆಂಬರ್ 27ರಂದು ನೋಡಿದರೆ, ಅದರ ಜಾಗದಲ್ಲಿ ಕೌಂಟರ್-ಸ್ಟ್ರೈಕ್ 2 ಬಂದು ಕೂತಿತ್ತು. 30 ಸುತ್ತಿನ ಪಂದ್ಯ 24ಕ್ಕೆ ಇಳಿದಿತ್ತು. ಮ್ಯಾಕ್ ಕಂಪ್ಯೂಟರಿನವರನ್ನು ಹೊರಗೆ ನಿಲ್ಲಿಸಿದ್ದರು. 2018ರ ಎರಂಗೆಲ್‌ಗೆ ಹೋಗುತ್ತೇನೆಂದು ಅಣ್ಣ ಈಗ ಹೊರಟರೂ ಅಲ್ಲಿಗೆ ವಿಮಾನವಿಲ್ಲ.

"ಸರಿ ಮತ್ತೆ, ಬಿಟ್ಬುಡು," ಎಂದರು ದೊಡ್ಡಪ್ಪ. ಲೇತ್ ಮತ್ತೆ ತಿರುಗಿತು. ಅಣ್ಣನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ನಿಜವಾಗಿ ಬಿಟ್ಟವರು ಬೇರೆ ಇದ್ದಾರೆ. ಅಣ್ಣನ ಹಳೇ ಸ್ಕ್ವಾಡ್ ನಾಲ್ಕು ಜನರದ್ದು. ಒಬ್ಬನಿಗೆ ಮದುವೆಯಾಯಿತು. ಒಬ್ಬ ಬಿಡದಿಯ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿಗೆ ಬಿದ್ದ. ಇನ್ನೊಬ್ಬ ರೇಷ್ಮೆಹುಳು ಸಾಕುತ್ತಾನೆ. ಹುಳ ನಾಲ್ಕನೇ ಜ್ವರ ಎದ್ದು ಸೊಪ್ಪು ತಿನ್ನುವ ದಿನಗಳಲ್ಲಿ ಅವನಿಗೆ ಊಟಕ್ಕೇ ಪುರುಸೊತ್ತಿಲ್ಲ. ಮೂವರಲ್ಲಿ ಒಬ್ಬನೂ ಟೀ ಅಂಗಡಿಯಲ್ಲಿ ಘೋಷಣೆ ಮಾಡಲಿಲ್ಲ, ಹಸಿರು ರಕ್ತದ ಬಗ್ಗೆ ಚಕಾರ ಎತ್ತಲಿಲ್ಲ. ಒಂದು ದಿನ ಫೋನಿನಲ್ಲಿ ಜಾಗ ಸಾಲದೆ ಬಂದಾಗ ಆಟ ಅಳಿಸಿ ಮಗುವಿನ ಫೋಟೊ ಇಟ್ಟುಕೊಂಡರು. ಯಾಕೆ ಹೋದಿರಿ ಎಂದು ಯಾವ ಕಂಪನಿಯೂ ಅವರನ್ನು ಕೇಳಲಿಲ್ಲ. ಫ್ರೆಂಡ್ ಲಿಸ್ಟಿನಲ್ಲಿ ಆ ಮೂರು ಹೆಸರು ಬೂದು ಬಣ್ಣದಲ್ಲಿ ಇನ್ನೂ ಇವೆ; ಅಣ್ಣ ತೆಗೆದಿಲ್ಲ.

ಈಗಿನ ಸ್ಕ್ವಾಡ್ ಎಂದರೆ ಟೀ ಅಂಗಡಿಯ ಈ ಹುಡುಗರೇ. ಅವರ ಬೆರಳು ಚುರುಕು. ಅಣ್ಣ ಸ್ಕೋಪ್ ತೆರೆಯುವ ಹೊತ್ತಿಗೆ ಅವರು ಎದುರಾಳಿಯನ್ನು ಮುಗಿಸಿ ಲೂಟ್ ಮಾಡುತ್ತಿರುತ್ತಾರೆ. ಅದಕ್ಕೂ ಅಣ್ಣನಲ್ಲಿ ಕಾರಣ ಉಂಟು: ಕಂಟ್ರೋಲ್ ಬದಲಾಯಿಸಿದ್ದಾರೆ. ಕಳೆದ ವಾರ ಹೊಸ ಅಪ್‌ಡೇಟು ಬಂದ ಸುದ್ದಿ ತಂದ ಹುಡುಗನೊಬ್ಬ ಧೈರ್ಯ ಮಾಡಿ ಕೇಳಿಯೇಬಿಟ್ಟ: "ಅಣ್ಣ, ಹೆಂಗೂ ಬಿಡ್ತಿದೀರಲ್ಲ, ನಿಮ್ ಐಡಿ ನಂಗ್ ಕೊಡ್ತೀರಾ? ಹಳೇ ಡ್ರೆಸ್ಸೆಲ್ಲ ಅದ್ರಲ್ಲೈತೆ."

ಅಣ್ಣ ಟೀ ಲೋಟ ಕೆಳಗಿಟ್ಟ. "ಐಡಿ ಯಾಕ್ಲಾ ನಿಂಗೆ? ಈ ಸಲ ಎಷ್ಟು ಹಾಳ್ ಮಾಡವ್ರೆ ಅಂತ ಮೊದ್ಲು ನೋಡಬ್ಯಾಡ್ವಾ? ನಂದು ಇವತ್ತಿನ ಡೇಟಾ ಮುಗ್ದೈತೆ, ಹಾಟ್‌ಸ್ಪಾಟ್ ಆನ್ ಮಾಡು. ಮತ್ತೆ ಆ ರೆಕ್ಕೆ ಡ್ರೆಸ್ಸು ಎಷ್ಟಂತೆ, ವಿಚಾರ್ಸಿದ್ಯಾ?"