ನಿಮ್ಮ ಕಡೆ ಪದ್ಧತಿ ಹೇಗೆ?

ಅನ್ನದ ತಟ್ಟೆಯನ್ನು ಕೀಬೋರ್ಡಿನ ಪಕ್ಕದಲ್ಲೇ ಇಟ್ಟುಕೊಂಡು ಉಣ್ಣುವ ನಾನು, ಸಿ ಭಾಷೆಯ ವಿಷಯ ಬಂದರೆ ಮಾತ್ರ ಮಹಾ ಮಡಿವಂತ. 1989ರಲ್ಲಿ ಅಮೆರಿಕದ ಆನ್ಸಿ ಸಂಸ್ಥೆ ಈ ಭಾಷೆಗೂ ಅದರ ಲೈಬ್ರರಿಗೂ ಒಂದು ಶಾಸ್ತ್ರ ಬರೆದಿಟ್ಟಿತು. ಮುಂದೆ ಅದನ್ನು ಐಎಸ್‌ಒ ನೋಡಿಕೊಂಡಿತು. ಆ ಪಟ್ಟಿಯಲ್ಲಿ ಇಲ್ಲದ ಫಂಕ್ಷನ್ ಯಾರ ಕೋಡಿನಲ್ಲಿ ಕಂಡರೂ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಆಫೀಸಿನ ಹುಡುಗರು ನಾನು ಬಾಯಿ ತೆರೆಯುವ ಮೊದಲೇ ಕಾಫಿ ಮೆಷಿನ್ನಿನ ಕಡೆ ಎದ್ದು ಹೋಗುತ್ತಾರೆ. ಮನೆಯವರಿಗೆ ಹಾಗೆ ಎದ್ದು ಹೋಗಲು ಜಾಗವಿಲ್ಲ. ನಮ್ಮದು ಎರಡು ಕೋಣೆಯ ಮನೆ.

ಈ ಮಡಿ ಸುಖದ್ದೇನೂ ಅಲ್ಲ ಅನ್ನಿ. ಕಂಪೈಲರಿಗೆ 'ಕಟ್ಟುನಿಟ್ಟಾಗಿ ಸಿ99' ಎಂದು ಹೇಳಿದರೆ, ಲಿನಕ್ಸ್‌ನ ಜಿಲಿಬ್‌ಸಿ ಲೈಬ್ರರಿ ಸ್ಟ್ರ್‌ಡಪ್ ಅನ್ನೂ ಬಚ್ಚಿಡುತ್ತದೆ. ಒಂದು ಪದದ ನಕಲು ತೆಗೆದುಕೊಡುವ ಬಡಪಾಯಿ ಫಂಕ್ಷನ್ ಅದು, ದಿನ ಬೆಳಗಾದರೆ ಎಲ್ಲರೂ ಬಳಸುವಂಥದ್ದು. ಆದರೂ ಸಿ ಶಾಸ್ತ್ರದೊಳಕ್ಕೆ ಬಂದದ್ದು ಸಿ23ರಲ್ಲಿ. ಅಲ್ಲಿಯವರೆಗೆ ನಾನು ಅದನ್ನು ನನ್ನ ಕೈಯಾರೆ ಬರೆದುಕೊಳ್ಳುತ್ತಿದ್ದೆ. "ಸಿಗೋ ಸಾಮಾನನ್ನ ಅಂಗಡಿಯಿಂದ ತರೋದು ಬಿಟ್ಟು ಮನೇಲೇ ಮಾಡ್ತೀನಿ ಅಂತೀರಲ್ಲ, ಅಡುಗೆಮನೇಲಿ ಯಾಕ್ರೀ ಈ ಉತ್ಸಾಹ ಕಾಣಲ್ಲ?" ಎಂದಳು ನನ್ನಾಕೆ. ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ.

ಹೋದ ದಸರಾ ರಜೆಯಲ್ಲಿ ಮಗಳ ಅಸೈನ್‌ಮೆಂಟ್ ನನ್ನ ಭಾಗ್ಯವಾಗಿ ಬಂತು. ಕಾಲೇಜಿನ ಲ್ಯಾಬಿನ ಲಿನಕ್ಸ್‌ನಲ್ಲಿ ಚೆನ್ನಾಗಿ ಓಡಿದ ಪ್ರೋಗ್ರಾಂ ಮನೆಯ ಮ್ಯಾಕ್‌ನಲ್ಲಿ ಕುಸಿದು ಬೀಳುತ್ತಿತ್ತು. ನೋಡಿದರೆ ಕ್ಯೂಸಾರ್ಟ್-ಆರ್! ನನಗೆ ಹಬ್ಬವೋ ಹಬ್ಬ. ಸ್ಟೂಲ್ ಎಳೆದುಕೊಂಡು ಶುರುಮಾಡಿದೆ. ಇದು ವಿಂಗಡಿಸುವ ಫಂಕ್ಷನ್ನೇ, ಜೊತೆಗೊಂದು ಹೆಚ್ಚಿನ ಮಾಹಿತಿಯನ್ನೂ ಹೊತ್ತೊಯ್ಯುತ್ತದೆ. ಜಿಲಿಬ್‌ಸಿಯಲ್ಲಿ ಮೊದಲು ಹೋಲಿಸುವ ಫಂಕ್ಷನ್, ಕೊನೆಗೆ ಆ ಮಾಹಿತಿ. ಮ್ಯಾಕ್‌ನದು ಹಳೆಯ ಬಿಎಸ್‌ಡಿ ಕ್ರಮ, ಅಲ್ಲಿ ಮೊದಲು ಮಾಹಿತಿ, ಆಮೇಲೆ ಫಂಕ್ಷನ್. ಹೆಸರು ಒಂದೇ, ಕೊಡಬೇಕಾದ ಸಾಮಾನೂ ಅಷ್ಟೇ, ಸಾಲು ಮಾತ್ರ ಅದಲು ಬದಲು. ಕಂಪೈಲರ್ ಒಂದಿಷ್ಟು ಗೊಣಗುತ್ತದೆ, ವಿದ್ಯಾರ್ಥಿಗಳು ಆ ಗೊಣಗಾಟವನ್ನು ಓದುವುದಿಲ್ಲ, ಪ್ರೋಗ್ರಾಂ ಮಾಹಿತಿಯನ್ನೇ ಫಂಕ್ಷನ್ ಎಂದು ತಿಳಿದು ಅದರೊಳಕ್ಕೆ ಹಾರುತ್ತದೆ.

ಹೂ ಕಟ್ಟುತ್ತಿದ್ದ ಅತ್ತೆ ತಲೆ ಎತ್ತಿದರು. "ಇದರಲ್ಲೇನಿದೆ ಅಳಿಯಂದ್ರೇ? ನಮ್ಮ ಕಡೆ ವರಪೂಜೆ ಹಿಂದಿನ ರಾತ್ರಿ, ನಿಮ್ಮ ಕಡೆ ಅವತ್ತೇ ಬೆಳಗ್ಗೆ. ಪುರೋಹಿತರು ಮೊದಲೇ 'ನಿಮ್ಮ ಕಡೆ ಪದ್ಧತಿ ಹೇಗೆ' ಅಂತ ಕೇಳ್ಕೊಂಡ್ರು, ಮದುವೆ ಆಯ್ತು. ನಿಮ್ಮ ಕಂಪ್ಯೂಟರಿಗೆ ಕೇಳೋಕೆ ಬಾಯಿಲ್ವೇ?"

ಇದೆ. ನಾನು ಹೇಳಬೇಕೆಂದು ಆಫೀಸಿನಲ್ಲಿ ವರ್ಷಗಟ್ಟಲೆ ಒದ್ದಾಡಿದ್ದನ್ನು ಅವರು ಮಲ್ಲಿಗೆ ದಂಡೆಯ ಒಂದು ಗಂಟು ಬಿಗಿಯುವುದರೊಳಗೆ ಹೇಳಿ ಮುಗಿಸಿದ್ದರು. 'ಕಾನ್ಫಿಗರ್' ಎಂಬ ಸ್ಕ್ರಿಪ್ಟಿಗೆ ಅದೇ ಉದ್ಯೋಗ: ಈ ಫಂಕ್ಷನ್ ಇದೆಯೇ, ಅದು ಯಾವ ಕ್ರಮದ್ದು ಎಂದು ಪುಟ್ಟ ಪುಟ್ಟ ಪ್ರೋಗ್ರಾಂ ಕಟ್ಟಿ ನೋಡುತ್ತಾ ಹೋಗುತ್ತದೆ. ನಾವೂ ನಮ್ಮ ಪದ್ಧತಿಯನ್ನು ಮೊದಲೇ ಸಾರಬೇಕು. ಜಿಎನ್‌ಯು ಸೋರ್ಸ್ ಎಂಬ ಮ್ಯಾಕ್ರೋವನ್ನು ಮೊಟ್ಟಮೊದಲ ಹೆಡರ್ ಫೈಲಿಗಿಂತ ಮೇಲೆ ಬರೆದರೆ ಮಾತ್ರ ಜಿಲಿಬ್‌ಸಿ ತನ್ನ ಮನೆಯ ವಿಶೇಷಗಳನ್ನೆಲ್ಲ ಹೊರಗಿಡುತ್ತದೆ. ನಡುವೆ ಬರೆದರೆ ಕೇಳಿಸಿಕೊಳ್ಳುವುದಿಲ್ಲ. ಆಲ್ಪೈನ್ ಲಿನಕ್ಸ್‌ನ ಮಸ್ಲ್ ಲೈಬ್ರರಿಯದು ಇನ್ನೂ ಬಿಗುಮಾನ. 'ನಾನು ಮಸ್ಲ್' ಎಂದು ಗುರುತಿಸಿಕೊಳ್ಳುವ ಮ್ಯಾಕ್ರೋವನ್ನೇ ಅದು ಬೇಕೆಂದೇ ಇಟ್ಟುಕೊಂಡಿಲ್ಲ. ಯಾರ ಮನೆ ಎಂದು ಕೇಳಬೇಡಿ, ಏನು ಬೇಕೋ ಅದು ಇದೆಯೇ ಎಂದು ಕೇಳಿ, ಎನ್ನುತ್ತದೆ. ನನಗೆ ಬಹಳ ಹಿಡಿಸಿದ ನಿಲುವು.

"ಪದ್ಧತೀನೂ ಒಂದಿನ ಶಾಸ್ತ್ರ ಆಗುತ್ತೆ ಅಲ್ವಾ?" ಎಂದರು ಅತ್ತೆ. ಆಗುತ್ತದೆ, ಆದರೆ ಅಷ್ಟು ಸುಲಭಕ್ಕಲ್ಲ. ಟಾಡ್ ಮಿಲ್ಲರ್ ಮತ್ತು ಥಿಯೊ ಡಿ ರಾಟ್ ರೂಪಿಸಿದ, ಪದ ನಕಲಿಸುವ ಫಂಕ್ಷನ್ ಸ್ಟ್ರ್‌ಎಲ್‌ಕಾಪಿ 1998ರಲ್ಲಿ ಓಪನ್‌ಬಿಎಸ್‌ಡಿಗೆ ಬಂತು. ಉಳಿದ ಬಿಎಸ್‌ಡಿಗಳು ಬೇಗನೇ ಒಪ್ಪಿದವು. ಜಿಲಿಬ್‌ಸಿಯವರು ಮಾತ್ರ ಉದ್ದದ ಪದವನ್ನು ಸದ್ದಿಲ್ಲದೆ ಕತ್ತರಿಸುವ ಈ ಅಭ್ಯಾಸ ನಮಗೆ ಬೇಡ ಎಂದು ಪಟ್ಟು ಹಿಡಿದರು, ಕೊನೆಗೆ 2023ರ 2.38 ಆವೃತ್ತಿಯಲ್ಲಿ ಒಳಗೆ ಬಿಟ್ಟುಕೊಂಡರು. ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಶಾಸ್ತ್ರವಾದ ಪಾಸಿಕ್ಸ್ 2024ರಲ್ಲಿ ಅದನ್ನೂ, ಕ್ಯೂಸಾರ್ಟ್-ಆರ್‌ನ ಜಿಲಿಬ್‌ಸಿ ಕ್ರಮವನ್ನೂ ಅಂಗೀಕರಿಸಿತು. "ಒಂದು ಫಂಕ್ಷನ್‌ಗೆ ಇಪ್ಪತ್ತೈದು ವರ್ಷ!" ಎಂದು ನಾನು ಕೈ ಎತ್ತಿದೆ. ವಾಷಿಂಗ್ ಮೆಷಿನ್ ತರುವ ಮೊದಲು ನಾನೂ ಹೀಗೇ ಯೋಚಿಸಿದ್ದೆ ಎಂದು ಅಡುಗೆಮನೆಯಿಂದ ಧ್ವನಿ ಬಂತು.

ಅಷ್ಟೊಂದು ಬಿಗಿ ಇರುವ ಜಿಲಿಬ್‌ಸಿಯಲ್ಲೇ ಮೆಮ್‌ಫ್ರಾಬ್ ಎಂಬುದೊಂದಿದೆ. ಪ್ರತಿ ಬೈಟನ್ನೂ 42ರೊಡನೆ ಎಕ್ಸಾರ್ ಮಾಡಿ ಗುರುತು ಸಿಗದಂತೆ ಮಾಡುತ್ತದೆ, ಇನ್ನೊಮ್ಮೆ ಕರೆದರೆ ಮೊದಲಿನಂತಾಗುತ್ತದೆ. ಪದದ ಅಕ್ಷರಗಳನ್ನು ಮನಬಂದಂತೆ ಕಲಸಿಡುವ ಸ್ಟ್ರ್‌ಫ್ರೈ ಇನ್ನೊಂದು. ಇವನ್ನೆಲ್ಲ ನಾನು ವಿವರಿಸುತ್ತಿರುವಾಗಲೇ ಮಗಳು ಲ್ಯಾಪ್‌ಟಾಪ್ ಮುಚ್ಚಿದಳು. ಮಾಮೂಲಿ ಕ್ಯೂಸಾರ್ಟ್ ಹಾಕಿ, ಆ ಮಾಹಿತಿಯನ್ನೊಂದು ಗ್ಲೋಬಲ್ ವೇರಿಯಬಲ್‌ನಲ್ಲಿಟ್ಟು, ಅಸೈನ್‌ಮೆಂಟ್ ಕಳಿಸಿಯೂ ಆಗಿತ್ತು. ಗ್ಲೋಬಲ್ ವೇರಿಯಬಲ್! ಆದರೆ ಶಾಸ್ತ್ರದ ಪ್ರಕಾರ ನೋಡಿದರೆ ಅವಳದೇ ಅಪ್ಪಟ 1989ರ ಸಿ, ಎರಡೂ ಯಂತ್ರಗಳಲ್ಲಿ ಓಡುವಂಥದ್ದು. ಮಡಿವಂತ ಸುಮ್ಮನಾಗಬೇಕಾಯಿತು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ: ಮ್ಯಾಕ್‌ನಲ್ಲಿ ಕ್ಯೂಸಾರ್ಟ್-ಆರ್ ಕರೆಯುವ ಮುಂಚೆ ಅದರ ಮ್ಯಾನ್ ಪುಟವನ್ನೊಮ್ಮೆ ತೆರೆದು ನೋಡಿ. ಅರ್ಥವಾಗದಿದ್ದರೆ ನನ್ನ ಮಗಳನ್ನು ಕೇಳಿ. ಅಲ್ಲೇ ಹೂ ಕಟ್ಟುತ್ತಿರುವ ಅತ್ತೆಯನ್ನು ಕೇಳಿದರೂ ಆದೀತು. ನನ್ನನ್ನು ಕೇಳುವುದಾದರೆ ಮೊದಲು ಊಟ ಮುಗಿಸಿ ಬನ್ನಿ.